ಸೀರೆ ಕುಂಕುಮ, ಫೋಟೋ ಇಟ್ಟಿಗೆ: ಬಣ್ಣ ಎಲ್ಲಿ ಕೈಕೊಟ್ಟಿತು ಅಂತ ಹುಡುಕುವ ಬಗೆ

ಹೋದ ವರ್ಷ ಶ್ರಾವಣಕ್ಕೆ ಮುಂಚೆ ಒಂದೇ ವಾರದಲ್ಲಿ ಮೂರು ಸೀರೆ ವಾಪಸ್ ಬಂದವು. ಮೂರಕ್ಕೂ ದೂರು ಒಂದೇ: ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ.

ಸೀರೆ ನನ್ನದಲ್ಲ. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಎರಡು ಮನೆ ಆಚೆ ಇರುವ ಅಕ್ಕ, ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದವರಿಂದ ರೇಷ್ಮೆ ಸೀರೆ ತರಿಸಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಫೋಟೋ ತೆಗೆಯುವುದು ನನ್ನ ಪಾಲಿನ ಕೆಲಸ. ವಾಪಸ್ ಬಂದ ಸೀರೆಗಳನ್ನು ತಂದು ನನ್ನ ಮೇಜಿನ ಮೇಲೆ ಹಾಕಿ, "ತಮ್ಮಾ, ನಾನು ಕಳ್ಸಿದ್ದು ಕುಂಕುಮದ ಬಣ್ಣ. ಅವ್ರಿಗೆ ಫೋಟೋದಲ್ಲಿ ಕಂಡಿದ್ದು ಇಟ್ಟಿಗೆ ಬಣ್ಣವಂತೆ. ನಿನ್ನ ಕ್ಯಾಮೆರಾಗೆ ಕಣ್ಣು ಕಾಣಲ್ವಾ?" ಅಂದರು.

ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವ ಕೆಟ್ಟ ಕೆಲಸ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆಯ ಕಡ್ಡಿಯನ್ನು ಬಲಕ್ಕೆ ಎಳೆದೆ. ನನ್ನ ಕಂಪ್ಯೂಟರಿನಲ್ಲಿ ಸರಿ ಕಂಡಿತು. ಮಾರನೆ ದಿನ ಅಕ್ಕನ ಫೋನಿನಲ್ಲಿ ನೋಡಿದರೆ ಸೀರೆಗೆ ಬೆಂಕಿ ಹತ್ತಿದ ಹಾಗಿತ್ತು, ಪಕ್ಕದಲ್ಲಿದ್ದ ಮಗುವಿನ ಮುಖ ಟೊಮೆಟೊ. ಆಮೇಲೆ ಕೂತು ಒಂದೊಂದಾಗಿ ಹುಡುಕಿದೆ. ಮೂರು ಸೀರೆಗೆ ಮೂರು ಬೇರೆ ಬೇರೆ ಕಾಯಿಲೆ. ಒಂದರದು ಫೈಲಿನಲ್ಲಿ, ಒಂದರದು ಬೆಳಕಿನಲ್ಲಿ. ಮೂರನೆಯದು ಕಾಯಿಲೆಯೇ ಅಲ್ಲ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಯಾವ ಸ್ಟಾಪಿನಲ್ಲಿ ಇಳಿಯಿತು?

ಹೊಸಕೋಟೆಯಿಂದ ಸೀರೆಯ ಗಂಟು ಬಸ್ಸಿನಲ್ಲಿ ಬರುತ್ತದೆ. ಪಾವಗಡ, ಮಧುಗಿರಿ, ಕೊರಟಗೆರೆ, ತುಮಕೂರು. ಗಂಟಿನಲ್ಲಿ ಒಂದು ಸೀರೆ ಕಮ್ಮಿ ಬಂದರೆ ಮಗ್ಗದವರಿಗೆ ಬೈಯುವ ಮೊದಲು, ದಾರಿಯಲ್ಲಿ ಎಲ್ಲಿ ಇಳಿಯಿತು ಅಂತ ವಿಚಾರಿಸುತ್ತೇವೆ, ಅಲ್ವಾ? ಬಣ್ಣವೂ ಹೀಗೇ ಸ್ಟಾಪ್ ಸ್ಟಾಪ್ ದಾಟಿಕೊಂಡು ಬರುತ್ತದೆ. ಬೆಳಕು, ಕ್ಯಾಮೆರಾ, ಎಡಿಟರ್ (ಫೋಟೋ ತಿದ್ದುವ ಸಾಫ್ಟ್‌ವೇರ್), ಫೈಲ್ ಉಳಿಸುವ ಘಟ್ಟ, ಅಪ್‌ಲೋಡ್, ಕೊನೆಗೆ ನೋಡುವವರ ಪರದೆ. ಎಲ್ಲಿ ಕಳೆದುಹೋಯಿತು ಅಂತ ಗೊತ್ತಾಗುವ ತನಕ ಯಾವ ಕಡ್ಡಿಯನ್ನೂ ಎಳೆಯಬೇಡಿ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆ ಸರಿಮಾಡಿದರೆ ಒಂದು ಪರದೆಯಲ್ಲಿ ಮಾತ್ರ ಸರಿ ಕಾಣುತ್ತದೆ, ಉಳಿದ ಎಲ್ಲ ಪರದೆಯಲ್ಲೂ ಇನ್ನಷ್ಟು ಕೆಡುತ್ತದೆ.

ಹುಡುಕುವುದಕ್ಕೆ ಹತ್ತು ನಿಮಿಷ ಸಾಕು. ಅಪ್‌ಲೋಡ್ ಆದ ಫೋಟೋವನ್ನು ಮತ್ತೆ ಡೌನ್‌ಲೋಡ್ ಮಾಡಿ. ಅದನ್ನೂ ನೀವು ಕಳಿಸಿದ ಮೂಲ ಫೈಲನ್ನೂ ಎಡಿಟರಿನಲ್ಲಿ ಅಕ್ಕಪಕ್ಕ ತೆರೆಯಿರಿ. ತೆರೆಯುವಾಗ ಪ್ರೊಫೈಲ್ (ಇದು ಏನು ಅಂತ ಮುಂದೆ ಹೇಳುತ್ತೇನೆ) ಬಗ್ಗೆ ಏನಾದರೂ ಕೇಳಿದರೆ ಇದ್ದ ಹಾಗೇ ಇರಲಿ ಅಂತ ಹೇಳಿ. ಈಗ ಐಡ್ರಾಪರ್, ಅಂದರೆ ಬಣ್ಣದ ಅಂಕಿ ಓದುವ ಸಾಧನ ತಗೊಂಡು ಎರಡರಲ್ಲೂ ಒಂದೇ ಜಾಗವನ್ನು ಮುಟ್ಟಿ. ಸೀರೆಯ ಒಡಲಿನಲ್ಲಿ ಒಂದು ಕಡೆ, ಬಿಳಿ ಗೋಡೆಯಲ್ಲಿ ಒಂದು ಕಡೆ. ಕೆಂಪು, ಹಸಿರು, ನೀಲಿ ಮೂರು ಅಂಕಿ ಬರುತ್ತವೆ, ಪ್ರತಿಯೊಂದೂ 0 ರಿಂದ 255 ರ ಒಳಗೆ. ಚೀಟಿಯಲ್ಲಿ ಬರೆದುಕೊಳ್ಳಿ. ಜೆಪೆಗ್ ಮತ್ತೆ ಕಂಪ್ರೆಸ್ ಆದಾಗ ಎರಡು ಮೂರು ಅಂಕಿ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಂಕಿಗಳು ಒಂದೇ ಇದ್ದು, ಒಂದೊಂದು ಕಡೆ ಒಂದೊಂದು ಥರ ಕಂಡರೆ ಪ್ರೊಫೈಲ್ ಅಥವಾ ಪರದೆಯ ತೊಂದರೆ. ಅಂಕಿಗಳು ತುಂಬಾ ಬದಲಾಗಿ ನೋಟವೂ ಬದಲಾಗಿದ್ದರೆ ದಾರಿಯಲ್ಲಿ ಯಾರೋ ಫೈಲನ್ನು ಕೆಡಿಸಿದ್ದಾರೆ. ಅಂಕಿ ಬದಲಾಗಿ ನೋಟ ಹಾಗೇ ಇದ್ದರೆ ಅದು ದೋಷವೇ ಅಲ್ಲ, ಸೈಟು ಬಣ್ಣವನ್ನು ಸರಿಯಾಗಿ ಪರಿವರ್ತಿಸಿಕೊಂಡಿದೆ ಅಷ್ಟೇ. ಅಂಕಿಯೂ ಒಂದೇ, ನೋಟವೂ ಎಲ್ಲ ಕಡೆ ಒಂದೇ, ಆದರೆ ಸೀರೆಗೆ ಮಾತ್ರ ಹೋಲುತ್ತಿಲ್ಲ ಅಂದರೆ ಕಂಪ್ಯೂಟರ್ ಮುಚ್ಚಿ ಎದ್ದೇಳಿ. ತಪ್ಪು ಫೋಟೋ ತೆಗೆದ ಜಾಗದಲ್ಲೇ ಇದೆ.

ಎಡಿಟರಿನಲ್ಲಿ ಚೆನ್ನ, ಬ್ರೌಸರಿನಲ್ಲಿ ಮಂಕು

ಇಟ್ಟಿಗೆ ಬಣ್ಣದ ಸೀರೆಯ ಕಾಯಿಲೆ ಇದೇ. ನನಗೆ ಬಂದ ಬಣ್ಣದ ದೂರುಗಳಲ್ಲಿ ಜಾಸ್ತಿ ಇದೇ ಜಾತಿಯವು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಕಡೆ ರಾಗಿ ಅಳೆಯುವ ಸೇರು ಒಂದು ಊರಿನದು ಇನ್ನೊಂದು ಊರಿಗೆ ಸರಿಹೋಗುತ್ತಿರಲಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಹತ್ತು ಸೇರು ಅಂದರೆ ಸಾಲದು, ಯಾವ ಸೇರು ಅಂತ ಹೇಳಬೇಕು. ಫೋಟೋದಲ್ಲೂ ಹಾಗೇ. 219 ಕೆಂಪು ಅಂದರೆ ಸಾಲದು, ಯಾವ ಅಳತೆಯಲ್ಲಿ 219 ಅಂತ ಗೊತ್ತಾಗಬೇಕು. ಆ ಅಳತೆಯ ಹೆಸರನ್ನು ಫೈಲಿನ ಒಳಗೆ ಬರೆದಿಟ್ಟರೆ ಅದಕ್ಕೆ ಪ್ರೊಫೈಲ್ ಅಂತ ಕರೆಯುತ್ತಾರೆ.

ಇಂಟರ್‌ನೆಟ್ಟಿನ ಸೇರು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು, 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಆ ಕಾಲದ ಡಬ್ಬಾ ಮಾನಿಟರು ಎಷ್ಟು ಬಣ್ಣ ತೋರಿಸುತ್ತಿತ್ತೋ ಅದೇ ಇದರ ಲೆಕ್ಕ. ಇನ್ನೊಂದು ಸೇರು ಅಡೋಬಿ ಆರ್‌ಜಿಬಿ, 1998ರದು. ಸ್ವಲ್ಪ ದೊಡ್ಡ ಸೇರು, ಮುಖ್ಯವಾಗಿ ಹಸಿರಿನ ಕಡೆ ಹಿಗ್ಗಿಸಿದ್ದು. ಪ್ರಿಂಟಿನವರಿಗೆ ಅನುಕೂಲ.

ಈಗ ಲೆಕ್ಕ ನೋಡಿ. ಎಸ್‌ಆರ್‌ಜಿಬಿಯಲ್ಲಿ ಅತಿ ಗಾಢ ಕೆಂಪು 255, 0, 0. ಅದೇ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ ಸುಮಾರು 219, 0, 0. ಸೇರು ದೊಡ್ಡದು, ಹಾಗಾಗಿ ಅಂಕಿ ಸಣ್ಣದು. ಹಸಿರಿನ 0, 255, 0 ಅಲ್ಲಿ ಸುಮಾರು 144, 255, 60 ಆಗುತ್ತದೆ. ದಾರಿಯಲ್ಲಿ ಪ್ರೊಫೈಲ್ ಕಳಚಿ ಬಿದ್ದಿತು ಅಂದುಕೊಳ್ಳಿ. ಪ್ರೊಫೈಲ್ ಇಲ್ಲದ ಫೈಲನ್ನು ಬ್ರೌಸರ್ ಎಸ್‌ಆರ್‌ಜಿಬಿ ಅಂತಲೇ ತಿಳಿಯುತ್ತದೆ. 219ನ್ನು ಸಣ್ಣ ಸೇರಿನಲ್ಲಿ ಅಳೆಯುತ್ತದೆ. ಉರಿಗೆಂಪು ಇಂಗಿಹೋಗುತ್ತದೆ, ಗಿಳಿ ಹಸಿರು ಹಳದಿಗೆ ತಿರುಗುತ್ತದೆ, ಮುಖಗಳು ಮೂರು ದಿನ ಜ್ವರ ಬಂದು ಎದ್ದವರ ಥರ ಬಿಳಿಚಿಕೊಳ್ಳುತ್ತವೆ. ಎಡಿಟರಿಗೆ ಪ್ರೊಫೈಲ್ ಗೊತ್ತಿರುವುದರಿಂದ ಅಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಅದಕ್ಕೇ ನಮಗೆ ಮೋಸ ಗೊತ್ತಾಗುವುದಿಲ್ಲ.

ನನ್ನ ತಪ್ಪು ಏನೆಂದರೆ, ಹೊಸ ಕ್ಯಾಮೆರಾ ತಂದ ಉತ್ಸಾಹದಲ್ಲಿ ಮೆನುವಿನೊಳಗೆ ಹೋಗಿ ಕಲರ್ ಸ್ಪೇಸ್, ಅಂದರೆ ಇದೇ ಸೇರನ್ನು, ಅಡೋಬಿ ಆರ್‌ಜಿಬಿಗೆ ಬದಲಾಯಿಸಿದ್ದೆ. ಜಾಸ್ತಿ ಬಣ್ಣ ಇದ್ದರೆ ಒಳ್ಳೆಯದೇ ಅಲ್ವಾ ಅಂತ. ಇದನ್ನು ಪತ್ತೆ ಹಚ್ಚಲು ಒಂದು ಸುಲಭದ ಗುರುತಿದೆ: ಫೈಲಿನ ಹೆಸರು. ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿ ಇದ್ದರೆ ಹೆಸರು ಅಂಡರ್‌ಸ್ಕೋರ್‌ನಿಂದ, ಅಂದರೆ ಕೆಳಗೀಟಿನಿಂದ ಶುರುವಾಗುತ್ತದೆ. ಕ್ಯಾನನ್, ನಿಕಾನ್ ಎರಡರಲ್ಲೂ ಇದೇ ಪದ್ಧತಿ. ನನ್ನ ಕಾರ್ಡಿನಲ್ಲಿ ನಾಲ್ಕು ತಿಂಗಳ ಫೈಲುಗಳು ಸಾಲಾಗಿ ಕೆಳಗೀಟು ಹೊತ್ತುಕೊಂಡು ನಿಂತಿದ್ದವು. ನಾನು ಅದನ್ನು ಕ್ಯಾಮೆರಾದ ಶೋಕಿ ಅಂದುಕೊಂಡಿದ್ದೆ! ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆಗೆದು ಡೀಟೇಲ್ಸ್ ನೋಡಿದರೂ ತಿಳಿಯುತ್ತದೆ. ಕಲರ್ ರೆಪ್ರೆಸೆಂಟೇಶನ್ ಎಂಬ ಸಾಲಿನಲ್ಲಿ ಎಸ್‌ಆರ್‌ಜಿಬಿ ಅಂತ ಇದ್ದರೆ ಸರಿ. ಅನ್‌ಕ್ಯಾಲಿಬ್ರೇಟೆಡ್ ಅಂತ ಇದ್ದರೆ ಬೇರೆ ಸೇರು.

ಪರಿಹಾರಕ್ಕೆ ಬರೋಣ. ಎಡಿಟರಿನಲ್ಲಿ ಎರಡು ಆಯ್ಕೆ ಕಾಣುತ್ತವೆ: ಕನ್ವರ್ಟ್ ಮತ್ತು ಅಸೈನ್. ಇವೆರಡನ್ನು ಅದಲುಬದಲು ಮಾಡಿ ಕೆಟ್ಟವರು ಬಹಳ ಜನ. ಕನ್ವರ್ಟ್ ಅಂದರೆ ರಾಗಿಯನ್ನು ಹೊಸ ಸೇರಿನಲ್ಲಿ ಮತ್ತೆ ಅಳೆದು ಹೊಸ ಅಂಕಿ ಬರೆಯುವುದು. ರಾಗಿ ಅಷ್ಟೇ ಇರುತ್ತದೆ. ಅಸೈನ್ ಅಂದರೆ ಅಳೆಯದೆ, ಸುಮ್ನೆ ಚೀಟಿಯ ಮೇಲೆ ಸೇರಿನ ಹೆಸರು ಬದಲಾಯಿಸುವುದು. ಅಂಕಿ ಅದೇ, ರಾಗಿ ಬೇರೆ. ಆನ್‌ಲೈನ್‌ಗೆ ನಮಗೆ ಬೇಕಾದದ್ದು ಕನ್ವರ್ಟ್. ಫೋಟೋಶಾಪಿನಲ್ಲಿ ಎಡಿಟ್ ಮೆನುವಿನ ಕನ್ವರ್ಟ್ ಟು ಪ್ರೊಫೈಲ್. ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲಿ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗೆ ಇದೆ. ಲೈಟ್‌ರೂಮಿನವರು ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ ಜಾಗದಲ್ಲಿ ಎಸ್‌ಆರ್‌ಜಿಬಿ ಆರಿಸಿದರೆ ಕನ್ವರ್ಟ್ ತಾನಾಗೇ ಆಗುತ್ತದೆ. ಉಳಿಸುವಾಗ ಪ್ರೊಫೈಲ್ ಎಂಬೆಡ್ ಮಾಡುವ, ಅಂದರೆ ಫೈಲಿನೊಳಗೇ ಸೇರಿಸುವ ಟಿಕ್ ಬಿಡಬೇಡಿ. ಅದರಿಂದ ಹೆಚ್ಚುವ ತೂಕ ಸುಮಾರು 3 ಕೆಬಿ. ಎಸ್‌ಆರ್‌ಜಿಬಿಗೆ ಕನ್ವರ್ಟ್ ಆದ ಫೈಲಿನ ಪ್ರೊಫೈಲ್ ಮುಂದೆ ಎಲ್ಲೋ ಕಳಚಿ ಬಿದ್ದರೂ ಚಿಂತೆ ಇಲ್ಲ, ಬ್ರೌಸರ್ ಹೇಗೂ ಅದನ್ನೇ ಊಹಿಸಿಕೊಳ್ಳುತ್ತದೆ.

ಇದನ್ನೆಲ್ಲ ನಕಲು ಫೈಲಿನ ಮೇಲೆ ಮಾಡಿ. ಮೂಲವನ್ನು ಮುಟ್ಟಬೇಡಿ.

ಅಸೈನ್ ಯಾವತ್ತೂ ಕೆಲಸಕ್ಕೆ ಬಾರದ್ದು ಅಂತಲ್ಲ. ಯಾರೋ ಹಳೆಯ ಫೈಲ್ ತಂದುಕೊಡುತ್ತಾರೆ, ಪ್ರೊಫೈಲ್ ಇಲ್ಲ, ಬಣ್ಣ ಸತ್ತಿದೆ. ಆಗ ಅಡೋಬಿ ಆರ್‌ಜಿಬಿಯನ್ನು ಅಸೈನ್ ಮಾಡಿ ನೋಡಿ. ಮುಖದ ಬಣ್ಣ, ಎಲೆಯ ಬಣ್ಣ ತಟ್ಟನೆ ಜೀವ ಪಡೆದರೆ ಊಹೆ ಸರಿ. ಆಮೇಲೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. ಆ ನಾಲ್ಕು ತಿಂಗಳಲ್ಲಿ ಪ್ರೊಫೈಲ್ ಇಲ್ಲದೆ ಉಳಿಸಿದ್ದ ನನ್ನ ಫೈಲುಗಳನ್ನು ನಾನು ಉಳಿಸಿಕೊಂಡದ್ದು ಹೀಗೇ.

ಲೈಟ್‌ರೂಮಿನಿಂದ ಫೋಟೋಶಾಪಿಗೆ ಕಳಿಸುವವರಿಗೆ ಇನ್ನೊಂದು ಬಲೆ. ಅಲ್ಲಿ ಮೊದಲೇ ಇಟ್ಟಿರುವ ಸೆಟ್ಟಿಂಗ್ ಪ್ರೊಫೋಟೋ ಆರ್‌ಜಿಬಿ. ಅದು ಕೊಳಗದಷ್ಟು ದೊಡ್ಡ ಸೇರು. ಅದನ್ನು ಕನ್ವರ್ಟ್ ಮಾಡದೆ, ಪ್ರೊಫೈಲ್ ಇಲ್ಲದೆ ಅಪ್‌ಲೋಡ್ ಮಾಡಿದರೆ ಫೋಟೋ ಮಂಕಾಗುವುದಿಲ್ಲ, ಸತ್ತೇಹೋಗುತ್ತದೆ.

ಫೋನಿನ ಫೋಟೋ

2016ರ ಐಫೋನ್ 7 ರಿಂದ ಈಚೆಗೆ ಆಪಲ್ ಫೋನುಗಳು ಡಿಸ್‌ಪ್ಲೇ ಪಿ3 ಎಂಬ ಸೇರಿನಲ್ಲಿ ಫೋಟೋ ತೆಗೆಯುತ್ತವೆ. ಇದು ಕೆಂಪಿನ ಕಡೆಯೂ ಹಿಗ್ಗಿದ್ದು. ಅಂಥ ಫೋಟೋವನ್ನು ಯಾವುದೋ ಪುಕ್ಕಟೆ ಆ್ಯಪಿನಲ್ಲಿ ಜೆಪೆಗ್ ಮಾಡಿಸಿದಾಗ ಪ್ರೊಫೈಲ್ ಬಿದ್ದುಹೋದರೆ ಕೆಂಪು ಸೀರೆ ಸಪ್ಪೆಯಾಗುತ್ತದೆ. ಕಾಯಿಲೆ ಮೇಲಿನದೇ, ಔಷಧಿಯೂ ಅದೇ.

ಅಕ್ಕ ನನಗೆ ಫೋಟೋ ಕಳಿಸುವುದು, ನಾನು ತಿದ್ದಿ ಕಳಿಸುವುದು, ಅವರು ಅದನ್ನು ಗ್ರೂಪಿಗೆ ಹಾಕುವುದು ಎಲ್ಲ ವಾಟ್ಸಾಪಿನಲ್ಲೇ ನಡೆಯುತ್ತಿತ್ತು. ಪ್ರತಿ ಸಲ ಫೋಟೋ ಒಂದು ಸುತ್ತು ಸೊರಗುತ್ತಿತ್ತು. ನಮ್ಮಿಬ್ಬರ ನಡುವೆ ಈಗ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು ಅಂತ ನಿಯಮ ಮಾಡಿಕೊಂಡಿದ್ದೇವೆ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ಅಕ್ಕನಿಗೆ ಇದನ್ನು ರೂಢಿ ಮಾಡಿಸಲು ಎರಡು ವಾರ ಹಿಡಿಯಿತು.

ಅಂಕಿ ಸರಿ, ಕಣ್ಣಿಗೆ ತಪ್ಪು

ಇಲ್ಲಿ ಪರದೆಯೇ ಕಳ್ಳ. ಮೊದಲು ಫೋನಿನದು ನೋಡಿ. ಅಮೊಲೆಡ್ ಪರದೆಯ ಎಷ್ಟೋ ಫೋನುಗಳು ಅಂಗಡಿಯಿಂದ ಬರುವಾಗಲೇ ವಿವಿಡ್ ಎಂಬ ಮೋಡಿನಲ್ಲಿರುತ್ತವೆ. ಎಲ್ಲ ಬಣ್ಣಕ್ಕೂ ಒಂದು ಹಿಡಿ ಜಾಸ್ತಿ ಖಾರ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದನ್ನು ನ್ಯಾಚುರಲ್ ಮಾಡಿ. ರಾತ್ರಿ ಕಣ್ಣಿಗೆ ತಂಪಾಗಲಿ ಅಂತ ಇಟ್ಟುಕೊಂಡಿರುವ ಹಳದಿ ಪರದೆಯನ್ನೂ, ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಬದಲಾಯಿಸುವ ಐಫೋನಿನ ಟ್ರೂ ಟೋನ್ ಅನ್ನೂ ಬಣ್ಣ ನೋಡುವಷ್ಟು ಹೊತ್ತು ಆಫ್ ಮಾಡಿ. ಒಬ್ಬ ಗ್ರಾಹಕರು ರಾತ್ರಿ ಹನ್ನೊಂದಕ್ಕೆ ಕೆನೆ ಬಣ್ಣದ ಸೀರೆ ಅಂತ ಆರ್ಡರ್ ಮಾಡಿದ್ದು, ಬೆಳಗ್ಗೆ ನೋಡಿದರೆ ಅಚ್ಚ ಬಿಳಿ. ಅವರ ಫೋನಿಗೆ ನಾವು ಏನು ಮಾಡೋಣ? ನಮ್ಮ ಕೈಯಲ್ಲಿರುವುದು ಫೈಲ್ ಮಾತ್ರ. ಅದಕ್ಕೇ ಒಬ್ಬರ ಫೋನಿಗೆ ತಕ್ಕಂತೆ ಫೈಲನ್ನು ತಿದ್ದುವುದಕ್ಕೆ ಹೋಗಬೇಡಿ.

ಲ್ಯಾಪ್‌ಟಾಪಿನ ಕತೆ ಇನ್ನೊಂದು. ಕಮ್ಮಿ ಬೆಲೆಯ ಲ್ಯಾಪ್‌ಟಾಪುಗಳ ವಿವರದಲ್ಲಿ 45% ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದರ ಅಳತೆ ಅದು. ಪೂರ್ತಿ ಎಸ್‌ಆರ್‌ಜಿಬಿ ತೋರಿಸಲು 72% ಬೇಕು. ಅಂದರೆ ಆ ಪರದೆಯಲ್ಲಿ ನಿಮಗೆ ಕಾಣುವುದು ಬೇಕಾದ ಬಣ್ಣದ ಮೂರರಲ್ಲಿ ಎರಡು ಭಾಗಕ್ಕಿಂತ ಕಮ್ಮಿ. ಅಂಥದ್ದರ ಮುಂದೆ ಕೂತು ಕೆಂಪು ಸಾಲದು ಅಂತ ಸ್ಯಾಚುರೇಶನ್ ಎಳೆದರೆ ಏನಾಗುತ್ತದೆ ಅಂತ ಆಗಲೇ ಹೇಳಿದ್ದೇನೆ. ಬಣ್ಣದ ಕೊನೆಯ ತೀರ್ಮಾನವನ್ನು ಒಳ್ಳೆಯ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ) ಮಾನಿಟರಿನಲ್ಲೇ ಮಾಡಿ. ಕೈಯಲ್ಲಿ ದುಡ್ಡಿದ್ದರೆ ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಕೊಳ್ಳಿ, ಅಥವಾ ಗೊತ್ತಿರುವ ಸ್ಟುಡಿಯೋದವರಿಂದ ಒಂದು ದಿನಕ್ಕೆ ಕೇಳಿ ತನ್ನಿ. ಗುರಿ ಇಷ್ಟು: ಬಿಳಿಯ ಬಿಂದು 6500 ಕೆಲ್ವಿನ್ (ಬೆಳಕು ಹಳದಿಯೋ ನೀಲಿಯೋ ಅಂತ ಹೇಳುವ ಅಳತೆ; ಅಂಕಿ ಏರಿದಷ್ಟೂ ನೀಲಿ), ಗಾಮಾ (ಕಪ್ಪಿನಿಂದ ಬಿಳಿಗೆ ಹೊಳಪು ಏರುವ ಬಗೆ) 2.2, ಬೆಳಕು ಚದರ ಮೀಟರಿಗೆ 80 ರಿಂದ 120 ಕ್ಯಾಂಡೆಲಾ. ಮೀಟರ್ ಇಲ್ಲದವರು ಪರದೆಯ ಪಕ್ಕ ಬಿಳಿ ಹಾಳೆ ಹಿಡಿದು, ಕೋಣೆಯ ಬೆಳಕಿನಲ್ಲಿ ಹಾಳೆ ಎಷ್ಟು ಬೆಳ್ಳಗೆ ಕಾಣುತ್ತದೋ ಪರದೆಯ ಬಿಳಿಯನ್ನೂ ಅಷ್ಟಕ್ಕೆ ಇಳಿಸಿ. ಕಾರ್ಖಾನೆಯಿಂದ ಬಂದ ಹೊಳಪು ಹೆಚ್ಚಾಗಿ ಕಣ್ಣು ಕುಕ್ಕುವಷ್ಟು ಇರುತ್ತದೆ. ಅದನ್ನು ನಂಬಿ ತಿದ್ದಿದ ಫೋಟೋ ಬೇರೆಯವರಿಗೆ ಕತ್ತಲೆ ಕಾಣುತ್ತದೆ.

ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ ತಮಾಷೆಯನ್ನೂ ಹೇಳಿಬಿಡುತ್ತೇನೆ. ವಿಂಡೋಸ್‌ನ ಹಳೆಯ ಫೋಟೋ ವ್ಯೂವರಿನಲ್ಲಿ ಎಲ್ಲ ಫೋಟೋಗಳ ಬಿಳಿಯೂ ಅರಿಶಿನ ನೀರಿನಲ್ಲಿ ಅದ್ದಿದ ಹಾಗೆ. ಅದೇ ಫೋಟೋ ಪೇಂಟ್‌ನಲ್ಲಿ ತೆರೆದರೆ ಬಿಳಿ. ಈ ಲಕ್ಷಣ ಕಂಡರೆ ಫೋಟೋ ಮುಟ್ಟಬೇಡಿ. ಮಾನಿಟರಿಗೆ ಅಂಟಿಸಿರುವ ಪ್ರೊಫೈಲ್ ಕೆಟ್ಟಿದೆ. ಕಂಟ್ರೋಲ್ ಪ್ಯಾನೆಲ್ಲಿನ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಆ ಮಾನಿಟರಿಗೆ ನಿಮ್ಮದೇ ಸೆಟ್ಟಿಂಗ್ ಬಳಸುವ ಟಿಕ್ ಹಾಕಿ, ಎಸ್‌ಆರ್‌ಜಿಬಿಯನ್ನು ಸೇರಿಸಿ ಡಿಫಾಲ್ಟ್ ಮಾಡಿ. ವ್ಯೂವರ್ ಮುಚ್ಚಿ ಮತ್ತೆ ತೆರೆಯಿರಿ. ಹುಡುಗ ಒಂದು ವರ್ಷದಿಂದ ಪರದೆ ಹಾಳಾಗಿದೆ ಅಂತಲೇ ನಂಬಿದ್ದ.

ಎಲ್ಲ ಕಡೆಯೂ ಒಂದೇ ಥರ ತಪ್ಪು

ಎರಡನೆಯ ಸೀರೆ ಮರೂನ್. ಫೋಟೋದಲ್ಲಿ ಕಾಫಿ ಡಿಕಾಕ್ಷನ್ ಬಣ್ಣ. ಫೈಲ್ ಎಸ್‌ಆರ್‌ಜಿಬಿ, ಅಂಕಿ ಎಲ್ಲ ಕಡೆ ಒಂದೇ, ಯಾವ ಫೋನಿನಲ್ಲಿ ನೋಡಿದರೂ ಕಂದು. ಹಾಗಾದರೆ ಬೆಳಕು.

ಸ್ಟುಡಿಯೋದ ಫ್ಲ್ಯಾಶ್ ರಿಪೇರಿಗೆ ಹೋಗಿತ್ತು. ಆ ದಿನ ಎರಡು ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಕೆಲಸ ಮುಗಿಸಿದ್ದೆ, ಕಿಟಕಿಯನ್ನೂ ತೆರೆದಿಟ್ಟಿದ್ದೆ. ಎರಡು ತಪ್ಪು ಒಟ್ಟಿಗೆ.

ಬಲ್ಬಿನ ತಪ್ಪು ಹೀಗೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕಿ ಇದೆ, ಬಲ್ಬಿನ ಡಬ್ಬದ ಮೇಲೆ ಕೆಲವೊಮ್ಮೆ ಬರೆದಿರುತ್ತಾರೆ. ಅದನ್ನು ಎಂಟು ತಿಳಿ ಬಣ್ಣದ ಮಾದರಿಗಳ ಮೇಲೆ ಲೆಕ್ಕ ಹಾಕುತ್ತಾರೆ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ, ಅದು ಆರ್9 ಅಂತ ಬೇರೆ. ಅಂದರೆ ಡಬ್ಬದ ಮೇಲೆ 80 ಅಂತ ಇದ್ದೂ ಕೆಂಪಿನಲ್ಲಿ ಬಲ್ಬು ಪೂರ್ತಿ ಸೊನ್ನೆಯಾಗಿರಬಹುದು. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಸೀರೆ ಎಲ್ಲಿಂದ ತಂದು ಕೊಡುತ್ತದೆ? ಮರೂನ್ ಕಂದಾಗುತ್ತದೆ. ಎಡಿಟರಿನಲ್ಲಿ ಇದಕ್ಕೆ ಮದ್ದಿಲ್ಲ, ಮತ್ತೆ ತೆಗೆಯಬೇಕು. ಕೆಂಪು ಬಟ್ಟೆಗೆ ಸಿಆರ್‌ಐ 95ಕ್ಕೆ ಮೇಲಿನ, ಆರ್9 ಎಷ್ಟು ಅಂತ ಬರೆದಿರುವ ದೀಪ ತಗೊಳ್ಳಿ, ಇಲ್ಲವೇ ಹಗಲಿನ ಬೆಳಕನ್ನು ನಂಬಿ.

ಎರಡನೆಯ ತಪ್ಪು ಬೆರಕೆ ಬೆಳಕು. ಹಳದಿ ಬಲ್ಬು ಸುಮಾರು 2700 ಕೆಲ್ವಿನ್, ಕಿಟಕಿಯ ನೆರಳಿನ ಬೆಳಕು 7000 ಅಥವಾ ಅದಕ್ಕೂ ಮೇಲೆ. ಒಂದೇ ಸೀರೆಯ ಎಡಭಾಗ ಹಳದಿ, ಬಲಭಾಗ ನೀಲಿ. ಕ್ಯಾಮೆರಾಗೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಿಕೆ, ಒಂದೇ ಇರುವುದು, ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಬಲ್ಬು ಆಫ್ ಮಾಡಿ, ಇಲ್ಲವೇ ಕಿಟಕಿ ಮುಚ್ಚಿ.

ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಅಲ್ಲೇ ಫೋಟೋ ತೆಗೆಯಿರಿ ಅಂತ ಎಲ್ಲ ಕಡೆ ಓದಿರುತ್ತೀರಿ. ಅದು ಯೂರೋಪಿನ ಬುದ್ಧಿವಾದ. ತುಮಕೂರು ಇರುವುದು ಸಮಭಾಜಕದಿಂದ 13 ಡಿಗ್ರಿ ಚಿಲ್ಲರೆ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ಕೂಡ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಯೊಳಗೆ ಬಿಸಿಲು ಓರೆಯಾಗಿ ನುಗ್ಗುತ್ತದೆ. ನಾನು ಆಗ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟುತ್ತೇನೆ. ಪಂಚೆಗೆ ನೀಲಿ ಹಾಕಿ ಒಗೆದಿರುತ್ತಾರಲ್ಲ, ಬೆಳಕಿಗೂ ಚೂರು ನೀಲಿ ಹತ್ತುತ್ತದೆ. ಪರವಾಗಿಲ್ಲ, ಇಡೀ ಬೆಳಕು ಒಂದೇ ಸಮ ಇದ್ದರೆ ಗ್ರೇ ಕಾರ್ಡ್ ಅದನ್ನು ಸರಿಮಾಡುತ್ತದೆ.

ಗ್ರೇ ಕಾರ್ಡ್ ಅಂದರೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ರಟ್ಟು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸೀರೆಯ ಪಕ್ಕ ಇಟ್ಟು ಮೊದಲ ಫೋಟೋ ತೆಗೆಯಿರಿ, ಆಮೇಲೆ ಕಾರ್ಡ್ ತೆಗೆದಿಟ್ಟು ಉಳಿದವು. ಎಡಿಟರಿನಲ್ಲಿ ವೈಟ್ ಬ್ಯಾಲೆನ್ಸಿನ ಡ್ರಾಪರಿನಿಂದ ಕಾರ್ಡನ್ನು ಮುಟ್ಟಿ. ಮೂರೂ ಅಂಕಿ ಸಮ ಆಗಬೇಕು. ಅದೇ ಸೆಟ್ಟಿಂಗನ್ನು ಆ ಬೆಳಕಿನ ಎಲ್ಲ ಫೋಟೋಗಳಿಗೂ ಹಾಕಿ. ಕಾರ್ಡಿನ ಬದಲು ಎ4 ಹಾಳೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಬೆಳ್ಳಗೆ ಕಾಣಲಿ ಅಂತ ಆ ಹಾಳೆಗೆ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಹಗಲು ಬೆಳಕಿನಲ್ಲಿ ಅದು ನೀಲಿ ಕಾರುತ್ತದೆ. ಅದನ್ನು ಬಿಳಿ ಅಂತ ನಂಬಿದರೆ ಫೋಟೋ ಹಳದಿಗೆ ತಿರುಗುತ್ತದೆ.

ಗೋಡೆ ನೋಡಿಕೊಳ್ಳಿ. ನನ್ನ ಸ್ಟುಡಿಯೋದ ಒಂದು ಗೋಡೆಗೆ ಹಿಂದಿನವರು ಬಳಿಸಿದ್ದ ಗುಲಾಬಿ ಬಣ್ಣ ಹಾಗೇ ಇತ್ತು. ಅಕ್ಕನ ಕೆನೆ ಬಣ್ಣದ ಸೀರೆಗಳೆಲ್ಲ ಒಂದು ಮಗ್ಗುಲಲ್ಲಿ ನಾಚಿಕೊಂಡಂತೆ ಬರುತ್ತಿದ್ದವು.

ಸರಿಯಾಗಿದೆಯೇ ಅಂತ ಕೊನೆಗೆ ಹೋಲಿಸುವಾಗಲೂ ಬೆಳಕೇ ಮುಖ್ಯ. ಸೀರೆಯನ್ನು ಹಳದಿ ಬಲ್ಬಿನ ಕೆಳಗೆ ಹಿಡಿದು 6500ರ ಪರದೆಗೆ ಹೋಲಿಸಿದರೆ ಯಾವತ್ತೂ ಹೊಂದುವುದಿಲ್ಲ. ಕಿಟಕಿಯ ಹಗಲು ಬೆಳಕಿನಲ್ಲಿ ಸೀರೆಯನ್ನು ಹರವಿ ನೋಡಿ. 2015ರಲ್ಲಿ ಒಂದು ಉಡುಪಿನ ಫೋಟೋ ಜಗತ್ತನ್ನೇ ಎರಡು ಪಂಗಡ ಮಾಡಿತ್ತು, ನೆನಪಿದೆಯಾ? ಅರ್ಧ ಜನಕ್ಕೆ ಬಿಳಿ ಮತ್ತು ಚಿನ್ನ, ಇನ್ನರ್ಧಕ್ಕೆ ನೀಲಿ ಮತ್ತು ಕಪ್ಪು. ಉಡುಪು ನಿಜಕ್ಕೂ ನೀಲಿ ಮತ್ತು ಕಪ್ಪೇ ಆಗಿತ್ತು. ಫೋಟೋ ಯಾವ ಬೆಳಕಿನಲ್ಲಿ ತೆಗೆದದ್ದು ಅಂತ ಒಂದೊಂದು ಮಿದುಳು ಒಂದೊಂದು ಥರ ಊಹಿಸಿಕೊಂಡಿತು ಅಷ್ಟೇ. ಸೀರೆ ಮಾರುವವರಿಗೆ ಇದು ತಮಾಷೆಯ ವಿಷಯವಲ್ಲ.

ಬದನೆಕಾಯಿ ಬಣ್ಣದ ಸೀರೆ ಮಾತ್ರ ಇಷ್ಟೆಲ್ಲ ಮಾಡಿದರೂ ನೀಲಿಗೆ ಜಾರುತ್ತದೆ. ಕ್ಯಾಮೆರಾದ ಸೆನ್ಸರ್ ಬಣ್ಣ ನೋಡುವ ಬಗೆ ಬೇರೆ, ನಮ್ಮ ಕಣ್ಣಿನದು ಬೇರೆ. ಕೆಲವು ಬಣ್ಣಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಸೀರೆಯನ್ನು ಎದುರಿಗಿಟ್ಟುಕೊಂಡು ನೇರಳೆಯ ಹ್ಯೂ (ಬಣ್ಣದ ಛಾಯೆ) ಒಂದನ್ನೇ ಕೈಯಿಂದ ತಿದ್ದುವುದು ನ್ಯಾಯ.

ಕೆಂಪು ಮುದ್ದೆಯಾದರೆ

ರಾಣಿ ಪಿಂಕ್, ಕುಂಕುಮ, ಇಂಥ ಸೀರೆಯಲ್ಲಿ ನೇಯ್ಗೆಯ ಗೆರೆ ಮಾಯವಾಗಿ ಬರೀ ಬಣ್ಣದ ಮುದ್ದೆ ಕಾಣುತ್ತದೆ. ಫೋಟೋದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ, ಹಿಸ್ಟೋಗ್ರಾಂ ನೋಡಿದರೆ ಎಲ್ಲ ಸರಿ ಅನ್ನುತ್ತದೆ. ನೀವು ನೋಡುತ್ತಿರುವುದು ಒಟ್ಟು ಬೆಳಕಿನ ಹಿಸ್ಟೋಗ್ರಾಂ. ಮೂರು ಬಣ್ಣದ್ದನ್ನು ಬೇರೆ ಬೇರೆ ತೋರಿಸುವ ಆಯ್ಕೆ ಹಾಕಿ. ಕೆಂಪು ಬಲಗೋಡೆಗೆ ಹೋಗಿ ಅಪ್ಪಳಿಸಿರುತ್ತದೆ. ಎಲ್ಲ ಕೆಂಪೂ 255ಕ್ಕೆ ತಗುಲಿ ನಿಂತ ಮೇಲೆ ಗೆರೆ ಎಲ್ಲಿಂದ ಬರಬೇಕು? ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು ಮೂರನೇ ಎರಡರಷ್ಟು ಸ್ಟಾಪ್ (ಇದು ಬಸ್ಸಿನದಲ್ಲ, ಬೆಳಕಿನ ಅಳತೆ) ಇಳಿಸಿ, ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್ ಮಾಡಿ, ಆದಷ್ಟು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಜೆಪೆಗ್ ಮಾಡುವ ಮೊದಲಿನ ಕಚ್ಚಾ ಫೈಲಿನಲ್ಲಿ ತೆಗೆಯಿರಿ.

ಕೆಲವು ಬಣ್ಣ ಎಸ್‌ಆರ್‌ಜಿಬಿಯ ಒಳಗೆ ಹಿಡಿಯುವುದೇ ಇಲ್ಲ. ನವಿಲು ಕತ್ತಿನ ಹಸಿರು ನೀಲಿ ಅಂಥದ್ದು. ಎಡಿಟರಿನ ಸಾಫ್ಟ್ ಪ್ರೂಫ್ (ಕನ್ವರ್ಟ್ ಆದ ಮೇಲೆ ಹೇಗೆ ಕಾಣುತ್ತದೆ ಅಂತ ಮೊದಲೇ ತೋರಿಸುವ ಆಯ್ಕೆ) ಹಾಕಿ ಯಾವ ಜಾಗ ಹೊರಗೆ ಉಳಿಯುತ್ತದೆ ನೋಡಿ, ಅಲ್ಲಿ ಮಾತ್ರ ಸ್ಯಾಚುರೇಶನ್ ಸ್ವಲ್ಪ ತಗ್ಗಿಸಿ. ಬಣ್ಣ ಚೂರು ತಗ್ಗಿದರೂ ಜರಿಯ ಬುಟ್ಟಾ ಉಳಿಯುತ್ತದೆ.

ಇನ್ನೆರಡು ಸಣ್ಣ ತೊಂದರೆಗಳು. ಕೆಂಪಿನ ಮೇಲಿನ ಸಣ್ಣ ಜರಿ ಗೆರೆ ಕದಡಿದಂತೆ ಕಂಡರೆ ಜೆಪೆಗ್ ಕ್ವಾಲಿಟಿ ಕಮ್ಮಿ ಇಟ್ಟಿದ್ದೀರಿ. ಕಮ್ಮಿ ಕ್ವಾಲಿಟಿಯಲ್ಲಿ ಬಣ್ಣದ ವಿವರವನ್ನು ಅರ್ಧ ಅಳತೆಗೆ ಇಳಿಸಿಬಿಡುತ್ತದೆ. ಇನ್ನು, ಫ್ಲೆಕ್ಸಿಗೋ ಲಗ್ನಪತ್ರಿಕೆಗೋ ಮಾಡಿಸಿದ ಫೈಲನ್ನೇ ಆನ್‌ಲೈನ್‌ಗೆ ಹಾಕಿ ಬಣ್ಣ ವಿಚಿತ್ರವಾದರೆ, ಅದು ಸಿಎಂವೈಕೆ, ಅಂದರೆ ಪ್ರಿಂಟಿನ ಶಾಯಿಗಳ ಲೆಕ್ಕದಲ್ಲಿ ಬರೆದ ಫೈಲ್ ಇರುತ್ತದೆ. ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. ಮೂಲ ಫೋಟೋ ಸಿಕ್ಕರೆ ಅದರಿಂದಲೇ ಮತ್ತೆ ಶುರು ಮಾಡುವುದು ಇನ್ನೂ ಒಳ್ಳೆಯದು.

ಮೂರನೆಯ ಸೀರೆ

ಇದಕ್ಕೆ ನಾನು ಎರಡು ದಿನ ಹಾಳು ಮಾಡಿದೆ. ಫೈಲ್ ಸರಿ, ಬೆಳಕು ಸರಿ, ಕಾರ್ಡಿನ ಅಂಕಿ ಸಮ. ಆದರೂ ಒಂದು ಫೋಟೋದಲ್ಲಿ ಕೆಂಪು, ಮುಂದಿನದರಲ್ಲಿ ನೇರಳೆ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದರಲ್ಲೂ ಹಾಗೇ. ಕೊನೆಗೆ ಅಕ್ಕ ಹೊಸಕೋಟೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಮಗ್ಗದ ಯಜಮಾನರು ನಗುತ್ತಾ, "ಸ್ವಾಮೀ, ಹಾಸು ಕೆಂಪು, ಹೊಕ್ಕು ನೀಲಿ. ಒಂದ್ ಕಡೆಯಿಂದ ಅದು ಕಾಣುತ್ತೆ, ಒಂದ್ ಕಡೆಯಿಂದ ಇದು. ನಿಮ್ಗೆ ಯಾವ್ದು ಬೇಕು?" ಅಂದರು.

ಹಾಸು ಅಂದರೆ ಉದ್ದದ ನೂಲು, ಹೊಕ್ಕು ಅಂದರೆ ಅಡ್ಡದ ನೂಲು. ಎರಡು ಬಣ್ಣದ ನೂಲಿನ ರೇಷ್ಮೆಗೆ ಒಂದೇ ಸರಿಯಾದ ಬಣ್ಣ ಅಂತ ಇಲ್ಲ. ಹಾಗಾಗಿ ಅಂಥ ಸೀರೆಗೆ ಈಗ ಎರಡು ಕೋನದಿಂದ ಎರಡು ಫೋಟೋ, ಜೊತೆಗೆ ಸೆರಗನ್ನು ನಿಧಾನಕ್ಕೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಹಾಕುತ್ತೇವೆ. ಕೆಳಗೆ ಹಾಸು ಯಾವುದು, ಹೊಕ್ಕು ಯಾವುದು ಅಂತ ಬರೆಯುತ್ತೇವೆ. ವಾಪಸ್ ಬಂದ ಆ ಸೀರೆಯನ್ನು ಅಕ್ಕ ಮತ್ತೆ ಮಾರಾಟಕ್ಕೆ ಇಡಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ತಾವೇ ಉಟ್ಟರು. ಆ ದಿನ ನಾನು ತೆಗೆದ ಫೋಟೋಗಳಲ್ಲಿ ಕಲಶದ ಮುಂದೆ ಕೂತಾಗ ಸೀರೆ ಕೆಂಪಗಿದೆ, ಎದ್ದು ಮಂಗಳಾರತಿ ಮಾಡುವಾಗ ನೇರಳೆ.